ಕಾವಲುಗಾರನ ಒಂದೇ ಮಾತು

ಸಂಪಾದಕ ಮಂಡಳಿಯವರು ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಕೇಳಿದಾಗ, ನಿವೃತ್ತ ಶಿಕ್ಷಕನೊಬ್ಬನಿಂದ ಅವರು ಯಾವ ಬಗೆಯ ಬರಹವನ್ನು ನಿರೀಕ್ಷಿಸಿದ್ದರೆಂಬುದನ್ನು ನಾನು ಊಹಿಸಬಲ್ಲೆ. ಶಿಸ್ತು, ಸಂಸ್ಕಾರ, ಗುರುಶಿಷ್ಯ ಬಾಂಧವ್ಯ ಮುಂತಾದ ವಿಷಯಗಳನ್ನು ಕುರಿತು ನನಗಿಂತ ಬಲ್ಲವರು ಈ ಪುಟಗಳಲ್ಲಿ ಬರೆಯುತ್ತ ಬಂದಿದ್ದಾರೆ. ನಾನು ಆರಿಸಿಕೊಂಡಿರುವ ವಿಷಯ ಅವುಗಳ ಮುಂದೆ ಹಗುರವೆಂದು ತೋರಬಹುದು. ವಿಡಿಯೋ ಗೇಮುಗಳಲ್ಲಿ ಬರುವ ಸಣ್ಣಪುಟ್ಟ ಪಾತ್ರಗಳು ಆಡಿದ ಮಾತನ್ನೇ ಮತ್ತೆ ಮತ್ತೆ ಆಡುತ್ತವೆ. ಆಟಗಾರರು ಅದಕ್ಕಾಗಿ ದೂರುತ್ತಾರೆ. ಆ ಪುನರುಕ್ತಿ ಮತ್ತು ಆ ದೂರು, ಇವೆರಡೇ ಈ ಲೇಖನದ ವಸ್ತು. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರ ಮನೆಗಳಲ್ಲಿ ಮಕ್ಕಳು ಸಂಜೆಯ ಹೊತ್ತನ್ನು ಕಳೆಯುವುದು ಈ ಆಟಗಳೊಡನೆಯೇ ಎಂಬುದನ್ನು ನೆನೆದರೆ, ವಿಷಯ ಅಷ್ಟೇನೂ ಹಗುರವಲ್ಲವೆಂದು ವಾಚಕರು ಒಪ್ಪಿಯಾರು.

ಎಂಜಿನಿಯರಿಂಗ್ ಓದುತ್ತಿರುವ ನನ್ನ ಮೊಮ್ಮಗ ಕಳೆದ ಬೇಸಿಗೆಯ ರಜೆಯಲ್ಲಿ ಮನೆಗೆ ಬಂದಿದ್ದ. ರಾತ್ರಿ ಊಟವಾದ ಮೇಲೆ ಪಕ್ಕದ ಕೋಣೆಯಲ್ಲಿ ಅವನು ಆಟಕ್ಕೆ ಕುಳಿತರೆ, ಗಡಸು ಕಂಠದ ಒಬ್ಬ ಮನುಷ್ಯ ಇಂಗ್ಲಿಷಿನಲ್ಲಿ ಒಂದೇ ವಾಕ್ಯವನ್ನು ಹೇಳುವುದು ನನಗೆ ಗೋಡೆಯ ಈಚೆಗೆ ಕೇಳಿಬರುತ್ತಿತ್ತು. ತಾನೂ ಒಂದು ಕಾಲಕ್ಕೆ ಸಾಹಸಿಯಾಗಿದ್ದೆನೆಂದೂ ಮೊಣಕಾಲಿಗೆ ಬಾಣ ತಗುಲಿದ ಮೇಲೆ ಆ ಬಾಳು ಮುಗಿಯಿತೆಂದೂ ಅವನ ಅಳಲು. ಮೊದಲ ರಾತ್ರಿ ನನಗೆ ಅವನ ಬಗ್ಗೆ ಮರುಕವುಂಟಾಯಿತು. ಮೂರನೆಯ ರಾತ್ರಿ ಸಹನೆ ಮೀರಿತು. ಹೋಗಿ ಕೇಳಿದೆ. "ಅವಂಗ ಬರೂದ ಅಷ್ಟ ಮಾತು, ಅಜ್ಜಾ" ಎಂದು ಮೊಮ್ಮಗ ನಕ್ಕ. ಹಾಗಾದರೆ ನಿನಗೆ ಬೇಸರವಾಗುವುದಿಲ್ಲವೇ ಎಂದು ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರವೇ ಈ ಲೇಖನಕ್ಕೆ ಕಾರಣವಾಯಿತು: "ಒಂದ ಮಾತು ಹತ್ತ ಸಲ ಅಂದ್ರ ಅನ್ನಲಿ ಬಿಡು. ಆದ್ರ ನಾ ಯಾರು ಅಂತ ಅವಂಗ ಗುರ್ತ ಹತ್ತಂಗಿಲ್ಲ ನೋಡು, ಅದಕ್ಕ ಸಿಟ್ಟ ಬರತೈತಿ."

ಆಟದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಇಂತಹ ಆಟಗಳಲ್ಲಿ ಆಟಗಾರನು ನಡೆಸುವ ನಾಯಕನ ಸುತ್ತ ಒಂದು ಇಡೀ ಊರು ಇರುತ್ತದೆ. ಅಂಗಡಿಯವರು, ಕಮ್ಮಾರರು, ಕಾವಲುಗಾರರು, ದಾರಿಹೋಕರು ಅಲ್ಲಿ ಓಡಾಡುತ್ತಾರೆ. ಅವರನ್ನು ನಡೆಸುವವನು ಮನುಷ್ಯನಲ್ಲ, ಯಂತ್ರ. ನಾಯಕನು ಹತ್ತಿರ ಬಂದೊಡನೆ, ಮೊದಲೇ ನಟರಿಂದ ನುಡಿಸಿ ಮುದ್ರಿಸಿಟ್ಟ ಮಾತುಗಳಲ್ಲಿ ಒಂದನ್ನು ಯಂತ್ರವು ಆರಿಸಿ ಅವರ ಬಾಯಿಂದ ಹೊರಡಿಸುತ್ತದೆ. ಆಟ ತಯಾರಿಸುವವರ ವೃತ್ತಿಭಾಷೆಯಲ್ಲಿ ಈ ಬಿಡಿಮಾತುಗಳಿಗೆ 'ಬಾರ್ಕ್' ಎಂದು ಹೆಸರು. ಕನ್ನಡದಲ್ಲಿ ಹೇಳುವುದಾದರೆ ಬೊಗಳು. ಮಾಡಿದವರೇ ಇಟ್ಟ ಹೆಸರು ಹೀಗಿರುವಾಗ, ಕೇಳುವವರು ಇನ್ನೆಷ್ಟು ಗೌರವವನ್ನು ಕೊಡಬೇಕು?

ನನ್ನ ಮೊಮ್ಮಗ ಆಡುತ್ತಿದ್ದ ಆಟದ ಹೆಸರು ಸ್ಕೈರಿಮ್. ಅಮೆರಿಕೆಯ ಬೆಥೆಸ್ಡಾ ಸಂಸ್ಥೆ ಅದನ್ನು 2011ರ ನವೆಂಬರಿನಲ್ಲಿ ಹೊರತಂದಿತು. ಸುಮಾರು 70 ನಟರಿಂದ 60,000ಕ್ಕೂ ಹೆಚ್ಚು ಮಾತುಗಳನ್ನು ನುಡಿಸಿ ಅದರಲ್ಲಿ ಅಳವಡಿಸಲಾಗಿದೆ. ಇಷ್ಟು ಸಂಪತ್ತಿದ್ದೂ, ಆ ಆಟ ಬಂದ ಕೆಲವೇ ವಾರಗಳಲ್ಲಿ ಕಾವಲುಗಾರನ ಮೊಣಕಾಲಿನ ಅಳಲು ಜಗತ್ತಿನ ಆಟಗಾರರೆಲ್ಲರ ಹಾಸ್ಯದ ವಸ್ತುವಾಯಿತು. ಅದೇ ನಾಡಿನ ವೈಟ್‌ರನ್ ಎಂಬ ಪಟ್ಟಣದಲ್ಲಿ ನಜೀಮ್ ಎಂಬ ಸಿರಿವಂತನೊಬ್ಬನಿದ್ದಾನೆ. ಎದುರಿಗೆ ಸಿಕ್ಕಾಗಲೆಲ್ಲ, ಪಟ್ಟಣದ ಮೇಲಣ ಬಡಾವಣೆಗೆ ನೀನು ಆಗಾಗ್ಗೆ ಹೋಗುವುದುಂಟೇ ಎಂದು ಕೇಳಿ, ಹೋಗುವುದಿಲ್ಲವೆಂದು ತಾನೇ ತೀರ್ಮಾನಿಸಿ, ಮೂಗು ಮುರಿದು ನಡೆಯುತ್ತಾನೆ. ಆಟಗಾರನು ಅದೇ ಬಡಾವಣೆಯ ಅರಮನೆಯಲ್ಲಿ ಒಡೆಯನಿಂದ ಪದವಿಯನ್ನು ಪಡೆದು ಇಳಿದು ಬರುತ್ತಿದ್ದರೂ ಅವನ ಪ್ರಶ್ನೆ ಬದಲಾಗದು. ಅಲ್ಲಿಯೇ ವಿಗ್ರಹವೊಂದರ ಮುಂದೆ ನಿಂತು ದಿನವಿಡೀ ಒಂದೇ ಪ್ರವಚನವನ್ನು ಗಟ್ಟಿಯಾಗಿ ಸಾರುವ ಹೈಮ್‌ಸ್ಕರ್ ಎಂಬ ಬೋಧಕನೂ ಇದ್ದಾನೆ. ಪ್ರವಚನ ಮಾಡುವ ಅಭ್ಯಾಸವುಳ್ಳ ನಮ್ಮಂಥವರು ಅವನ ಬಗ್ಗೆ ಹೆಚ್ಚು ಹೇಳದಿರುವುದೇ ಲೇಸು. ಈ ಇಬ್ಬರನ್ನೂ ಕತ್ತಿಯಿಂದ ಮೌನಗೊಳಿಸಿದ ಆಟಗಾರರಿಗೆ ಲೆಕ್ಕವಿಲ್ಲವೆಂದು ಮೊಮ್ಮಗ ಹೇಳಿದ.

ಇದೇ ಸಂಸ್ಥೆಯು 2006ರಲ್ಲಿ ಹೊರತಂದ ಒಬ್ಲಿವಿಯನ್ ಎಂಬ ಆಟದಲ್ಲಿ ಊರಿನ ಜನ ತಮ್ಮತಮ್ಮೊಳಗೆ ಹರಟುವಂತೆಯೂ ಏರ್ಪಾಡಿತ್ತು. ಇಬ್ಬರು ಎದುರಾಗುತ್ತಾರೆ, ಒಬ್ಬನು ಮೊನ್ನೆ ಒಂದು ಕೆಸರಿನ ಏಡಿಯನ್ನು ಕಂಡೆನೆನ್ನುತ್ತಾನೆ, ಇನ್ನೊಬ್ಬನು ಅವು ಅಸಹ್ಯ ಪ್ರಾಣಿಗಳೆನ್ನುತ್ತಾನೆ, ಕೂಡಲೇ ಇಬ್ಬರೂ ಬೀಳ್ಕೊಳ್ಳುತ್ತಾರೆ. ಮುಂದಿನ ಬೀದಿಯಲ್ಲಿ ಬೇರೆ ಇಬ್ಬರ ನಡುವೆ, ಬಹುಮಟ್ಟಿಗೆ ಅವೇ ಕಂಠಗಳಲ್ಲಿ, ಅದೇ ಏಡಿ ಮತ್ತೆ ಕಾಣಿಸಿಕೊಳ್ಳುತ್ತದೆ. ಸಾವಿರಾರು ಪ್ರಜೆಗಳ ಸಾಮ್ರಾಜ್ಯಕ್ಕೆ ಬೆರಳೆಣಿಕೆಯ ಕಂಠಗಳು ಸಾಕಾಗಲಿಲ್ಲ.

ಪುನರುಕ್ತಿ ಏಕೆ ತಪ್ಪದೆಂಬುದನ್ನು ನಮ್ಮ ಗಣಿತ ಶಿಕ್ಷಕರು ಕರಿಹಲಗೆಯ ಮೇಲೆ ತೋರಿಸಬಲ್ಲರು. ಲೆಕ್ಕಕ್ಕಾಗಿ, ಕಾವಲುಗಾರನಿಗೆ 30 ಮಾತುಗಳಿವೆ ಎಂದುಕೊಳ್ಳೋಣ; ಎರಡು ನಿಮಿಷಕ್ಕೊಂದರಂತೆ ಅವನು ಆಡಲಿ; ಆಟ 60 ಗಂಟೆ ನಡೆಯಲಿ. ಒಟ್ಟು 1800 ಸಲ ಬಾಯಿ ತೆರೆದಂತಾಯಿತು. ಒಂದೊಂದು ಮಾತೂ ಸರಾಸರಿ 60 ಸಲ ಕೇಳಿಬರುತ್ತದೆ. ಸೋಜಿಗವೆಂದರೆ ಬೇಸರಕ್ಕೆ ಅಷ್ಟು ಕಾಲವೂ ಬೇಕಿಲ್ಲ. ಯಂತ್ರವು ಚೀಟಿ ಎತ್ತಿ ಮತ್ತೆ ಅದೇ ಡಬ್ಬಿಗೆ ಹಾಕುವಂತೆ ಪ್ರತಿ ಸಲವೂ 30ರಲ್ಲಿ ಯಾವುದಾದರೊಂದನ್ನು ಆರಿಸುವುದಾದರೆ, ಏಳನೆಯ ಮಾತಿನೊಳಗೆ ಆಡಿದ್ದೊಂದು ಮರಳಿ ಬರುವ ಸಂಭವ ನೂರಕ್ಕೆ 53. ಅಂದರೆ ಮೊದಲ ಕಾಲುಗಂಟೆಯೊಳಗೇ ಪುನರುಕ್ತಿಯನ್ನು ಕೇಳುವ ಸಂಭವ ಅರ್ಧಕ್ಕಿಂತ ಹೆಚ್ಚು. ತರಗತಿಯಲ್ಲಿ 23 ಮಕ್ಕಳಿದ್ದರೆ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಂಭವ ಅರ್ಧಕ್ಕಿಂತ ಮಿಗಿಲೆಂಬ ಹಳೆಯ ಲೆಕ್ಕವೂ ಇದೇ ಜಾತಿಯದು. ಎತ್ತಿದ ಚೀಟಿಯನ್ನು ಎಲ್ಲ ಚೀಟಿಗಳೂ ಮುಗಿಯುವವರೆಗೆ ಡಬ್ಬಿಯ ಹೊರಗಿಟ್ಟರೆ ಈ ತೊಂದರೆ ತಕ್ಕಮಟ್ಟಿಗೆ ತಪ್ಪುತ್ತದೆ. ಜಾಣ ತಯಾರಕರು ಹಾಗೆ ಮಾಡುವುದೂ ಉಂಟು. ಮಾತುಗಳ ಸಂಖ್ಯೆಯನ್ನೇ ಹೆಚ್ಚಿಸೋಣವೆಂದರೆ, ಒಂದೊಂದು ಮಾತನ್ನೂ ಬರೆಯಬೇಕು, ನಟನಿಂದ ನುಡಿಸಬೇಕು, ಹಲವು ಭಾಷೆಗಳಿಗೆ ಅನುವಾದಿಸಬೇಕು, ಸರಿಯಾದ ಸ್ಥಳದಲ್ಲಿ ಬರುವುದೇ ಎಂದು ಪರೀಕ್ಷಿಸಬೇಕು. ವೆಚ್ಚ ಬೆಳೆಯುತ್ತದೆ, ಬೇಸರ ಸ್ವಲ್ಪ ತಡವಾಗಿ ಬರುತ್ತದೆ, ಅಷ್ಟೇ.

ಇಲ್ಲಿಯವರೆಗೆ ನಾನು ಹೇಳಿದ್ದೆಲ್ಲ ಆಟಗಾರರ ದೂರಿಗೆ ಒತ್ತಾಸೆಯಾಗಿಯೇ ಇದೆ. ಇನ್ನು ನನ್ನ ಅಭಿಪ್ರಾಯವನ್ನು ಹೇಳುತ್ತೇನೆ. ಪುನರುಕ್ತಿಯೇ ದೋಷವೆಂದು ಸಾರುವವರು ರೋಗದ ಲಕ್ಷಣವನ್ನು ರೋಗವೆಂದು ಭಾವಿಸಿದ್ದಾರೆ. ಕೇಳುವವನು ಯಾರೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಮಾತು ಮೊದಲ ಸಲ ಕೇಳಿದಾಗಲೂ ಹಳಸಿದ್ದೇ. ಕೇಳುವವನನ್ನು ಗುರುತಿಸಿ ಆಡಿದ ಮಾತು ನೂರನೆಯ ಸಲವೂ ಹಳಸುವುದಿಲ್ಲ.

ಪುನರುಕ್ತಿ ನಮ್ಮ ನಾಡಿಗೆ ಹೊಸದೇನಲ್ಲ. ಮಗ್ಗಿಯನ್ನು ಹೇಳಿಸದೆ ಲೆಕ್ಕ ಕಲಿಸಿದ ಶಿಕ್ಷಕರನ್ನು ನಾನು ಕಂಡಿಲ್ಲ. ನಮ್ಮ ಉತ್ತರ ಕರ್ನಾಟಕದ ದೊಡ್ಡಾಟವನ್ನು ಇರುಳೆಲ್ಲ ಕುಳಿತು ನೋಡಿದವರಿಗೆ ಸಾರಥಿಯ ಪಾತ್ರ ಗೊತ್ತು. ರಂಗಕ್ಕೆ ಬಂದ ಪ್ರತಿಯೊಬ್ಬರನ್ನೂ, ಅವರು ರಾಜರಾಗಲಿ ರಕ್ಕಸರಾಗಲಿ, ತಾವು ಯಾರು, ಎಲ್ಲಿಂದ ಬಂದಿರಿ ಎಂದು ಅವನು ವಿಚಾರಿಸುತ್ತಾನೆ. ಒಂದೇ ರಾತ್ರಿಯಲ್ಲಿ ಹತ್ತಾರು ಸಲ ಅದೇ ಪ್ರಶ್ನೆ. ಆದರೂ ಜನ ಎದ್ದು ಹೋಗುವುದಿಲ್ಲ. ಅವನ ಸರದಿಗಾಗಿ ಕಾದು ಕುಳಿತಿರುತ್ತಾರೆ. ಪ್ರಶ್ನೆ ಒಂದೇ ಆದರೂ ಅವನ ಕಣ್ಣು ಎದುರಿಗೆ ನಿಂತವನ ಮೇಲಿರುತ್ತದೆ, ಕಿವಿ ಎದುರಿಗೆ ಕುಳಿತ ಊರಿನ ಮೇಲಿರುತ್ತದೆ. ಅರಸನಿಗೆ ಬಾಗುವ ರೀತಿ ಬೇರೆ, ರಕ್ಕಸನಿಗೆ ಬೆದರುವ ರೀತಿ ಬೇರೆ.

ಇದು ಜೀವಂತ ನಟನ ಮಾತಾಯಿತು, ಯಂತ್ರಕ್ಕೆ ಅದು ಸಾಧ್ಯವೇ ಎಂದು ಕೇಳುವವರಿದ್ದಾರೆ. ಆಟಗಳ ಇತಿಹಾಸವೇ ಅದಕ್ಕೆ ಉತ್ತರ ಕೊಡುತ್ತದೆ. ಮಾತನಾಡಿದ ಮೊದಮೊದಲ ಆಟಗಳಲ್ಲಿ 1980ರ ಬರ್ಜರ್ಕ್ ಒಂದು. ಅದರ ಯಂತ್ರಮಾನವರಿಗೆ ತಿಳಿದಿದ್ದುದು ಸುಮಾರು 30 ಪದಗಳು ಮಾತ್ರ. ಆಗಿನ ತಂತ್ರಜ್ಞಾನದಲ್ಲಿ ಒಂದೊಂದು ಪದವನ್ನು ಅಳವಡಿಸಲು 1000 ಡಾಲರಿನಷ್ಟು ಖರ್ಚಾಯಿತೆಂದು ಹೇಳುತ್ತಾರೆ. ಆದರೂ ಆಟಗಾರನು ವೈರಿಗಳನ್ನೆಲ್ಲ ಕೆಡವದೆ ಕೋಣೆಯಿಂದ ಓಡಿಹೋದರೆ ಆ ಯಂತ್ರ ಅವನನ್ನು ಪುಕ್ಕಲನೆಂದು ಹಂಗಿಸುತ್ತಿತ್ತು. ಎಲ್ಲರನ್ನೂ ಕೆಡವಿ ಹೊರಟರೆ ಬೇರೆ ಮಾತನ್ನಾಡುತ್ತಿತ್ತು. 1985ರ ಗಾಂಟ್ಲೆಟ್ ಆಟದಲ್ಲಿ ನಾಲ್ವರು ಒಟ್ಟಿಗೆ ಆಡಬಹುದಾಗಿತ್ತು. ಯಾರ ಶಕ್ತಿ ಕುಂದುತ್ತಿದೆಯೋ ಅವರನ್ನೇ ಹೆಸರಿಸಿ, ಇವರಿಗೆ ತುರ್ತಾಗಿ ಆಹಾರ ಬೇಕು ಎಂದು ಯಂತ್ರ ಸಾರುತ್ತಿತ್ತು. ಆ ಆಟಗಳೂ ಹೇಳಿದ್ದನ್ನೇ ಹೇಳಿದವು. ಆದರೆ ಅವನ್ನು ಆಡಿದವರು ಆ ಮಾತುಗಳನ್ನು ಇಂದಿಗೂ ಅಕ್ಕರೆಯಿಂದ ನೆನೆಯುತ್ತಾರೆ. 30 ಪದಗಳ ಬಡ ಯಂತ್ರಕ್ಕೆ ಆಟಗಾರನು ಈಗ ತಾನೇ ಮಾಡಿದ್ದೇನೆಂಬ ಅರಿವಿತ್ತು. 60,000 ಮಾತುಗಳ ಶ್ರೀಮಂತ ಕಾವಲುಗಾರ ಮಾತ್ರ, ನಾಡನ್ನು ಕಾಡುತ್ತಿದ್ದ ದೈತ್ಯ ಸರ್ಪವನ್ನು ಕೊಂದು ಬಂದವನನ್ನೂ, ನಿನ್ನ ಸಿಹಿ ರೊಟ್ಟಿಯನ್ನು ಯಾರಾದರೂ ಕದ್ದರೇನು ಎಂದು ಗೇಲಿಮಾಡುತ್ತಾನೆ. ಸ್ಕೈರಿಮ್‌ನ ಕಾವಲುಗಾರರಿಗೆ ಆಟಗಾರನ ಕೌಶಲವನ್ನು ಗಮನಿಸಿ ಆಡುವ ಮಾತುಗಳೂ ಕೆಲವಿವೆ ಎಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಆದರೆ ಅದೇ ಬಾಯಿ ಮರುಗಳಿಗೆಯಲ್ಲಿ ಅದೇ ಮನುಷ್ಯನನ್ನು ಗೇಲಿಮಾಡಿದಾಗ, ಹಿಂದಿನ ಮೆಚ್ಚುಗೆಯೂ ಸುಳ್ಳಾಗುತ್ತದೆ. ಅಂತೆಯೇ ಆಟಗಾರರಲ್ಲಿಯೇ ಕೆಲವರು ಆ ಆಟಕ್ಕೆ ತಿದ್ದುಪಡಿಗಳನ್ನು ರಚಿಸಿ ಹಂಚಿದರು. ಅವರು ಮುಖ್ಯವಾಗಿ ತಿದ್ದಿದ್ದು, ಯಾವ ಮಾತು ಯಾವ ಸಂದರ್ಭದಲ್ಲಿ ಯಾರೊಡನೆ ಬರಬೇಕೆಂಬ ನಿಯಮಗಳನ್ನು.

ಇದನ್ನು ಶಾಸ್ತ್ರೀಯವಾಗಿ ಮಾಡಿ ತೋರಿಸಿದವರೂ ಇದ್ದಾರೆ. ವಾಲ್ವ್ ಸಂಸ್ಥೆಯು 2008ರಲ್ಲಿ ಲೆಫ್ಟ್ ಫೋರ್ ಡೆಡ್ ಎಂಬ ಆಟವನ್ನು ಹೊರತಂದಿತು. ಅಲ್ಲಿನ ಸಂಭಾಷಣೆ ಹೇಗೆ ನಡೆಯುತ್ತದೆ ಎಂಬುದನ್ನು ಎಲಾನ್ ರಸ್ಕಿನ್ ಎಂಬ ತಂತ್ರಜ್ಞರು 2012ರಲ್ಲಿ ಆಟ ತಯಾರಕರ ಸಮ್ಮೇಳನವೊಂದರಲ್ಲಿ ವಿವರಿಸಿದರು. ವಿಧಾನ ಸರಳವಾಗಿದೆ. ಯಾರು ಮಾತನಾಡುತ್ತಿದ್ದಾರೆ, ಎಲ್ಲಿದ್ದಾರೆ, ಹತ್ತಿರ ಯಾರಿದ್ದಾರೆ, ಯಾರಿಗೆ ಗಾಯವಾಗಿದೆ, ಈ ಮೊದಲು ಏನು ನಡೆಯಿತು ಎಂಬ ಸಂಗತಿಗಳ ಪಟ್ಟಿಯೊಂದನ್ನು ಯಂತ್ರ ಇಟ್ಟುಕೊಂಡಿರುತ್ತದೆ. ಒಂದೊಂದು ಮಾತಿಗೂ ಅದು ಸಲ್ಲುವ ಸಂದರ್ಭದ ಷರತ್ತುಗಳನ್ನು ಲೇಖಕರು ಬರೆದಿರುತ್ತಾರೆ. ಆ ಗಳಿಗೆಯ ಸಂಗತಿಗಳಿಗೆ ಎಲ್ಲಕ್ಕಿಂತ ಹೆಚ್ಚಾಗಿ ಹೊಂದುವ ಮಾತನ್ನು ಯಂತ್ರ ಆರಿಸುತ್ತದೆ. ಆಡಿದ ಮೇಲೆ, ಆಡಿದೆನೆಂಬುದನ್ನೂ ಪಟ್ಟಿಗೆ ಸೇರಿಸಿಕೊಳ್ಳಬಲ್ಲದು. ಸಂದರ್ಭ ನೋಡಿ ಮಾತನಾಡು, ಆಡಿದ್ದನ್ನು ನೆನಪಿಟ್ಟುಕೋ ಎಂದು ನಮ್ಮ ಹಿರಿಯರು ಹೇಳುತ್ತಿದ್ದ ಬುದ್ಧಿವಾದವೇ ಇಲ್ಲಿ ಯಂತ್ರದ ನಿಯಮವಾಗಿದೆ.

2020ರಲ್ಲಿ ಬಂದ ಹೇಡಿಸ್ ಎಂಬ ಆಟ ಇನ್ನೂ ಸ್ವಾರಸ್ಯದ ಉದಾಹರಣೆ. ಸೂಪರ್‌ಜೈಂಟ್ ಎಂಬ ಸಣ್ಣ ತಂಡವೊಂದು ಅದನ್ನು ರಚಿಸಿತು. ಗ್ರೀಕರ ಪುರಾಣದ ಪಾತಾಳಲೋಕದಿಂದ ಅಲ್ಲಿನ ರಾಜಕುಮಾರ ಪಾರಾಗಲು ಹೊರಡುತ್ತಾನೆ, ಸಾಯುತ್ತಾನೆ, ಮತ್ತೆ ತಂದೆಯ ಅರಮನೆಯಲ್ಲೇ ಕಣ್ತೆರೆಯುತ್ತಾನೆ. ಹೀಗೆ ಹತ್ತಾರು, ನೂರಾರು ಸಲ. ಪುನರಾವೃತ್ತಿಯೇ ಈ ಆಟದ ಬೆನ್ನೆಲುಬು. ಆದರೆ ಪ್ರತಿ ಸಲ ಅವನು ಮರಳಿದಾಗಲೂ ಅರಮನೆಯವರು ಈ ಸಲ ಯಾರ ಕೈಯಲ್ಲಿ ಸತ್ತೆ, ಎಲ್ಲಿಯವರೆಗೆ ಹೋಗಿದ್ದೆ ಎಂಬುದನ್ನು ತಿಳಿದು ಮಾತನಾಡಿಸುತ್ತಾರೆ. ಇದಕ್ಕಾಗಿ 20,000ಕ್ಕೂ ಹೆಚ್ಚು ಮಾತುಗಳನ್ನು ನುಡಿಸಲಾಗಿದೆ. ಸ್ಕೈರಿಮ್‌ನ ಮೂರರಲ್ಲೊಂದು ಪಾಲು. ವೈಜ್ಞಾನಿಕ ಹಾಗೂ ಅದ್ಭುತ ಕಥಾಸಾಹಿತ್ಯಕ್ಕೆ ಮೀಸಲಾದ ಹ್ಯೂಗೋ ಪ್ರಶಸ್ತಿಯನ್ನು 2021ರಲ್ಲಿ ಮೊದಲ ಬಾರಿಗೆ ವಿಡಿಯೋ ಗೇಮೊಂದಕ್ಕೆ ನೀಡಿದಾಗ ಅದು ದೊರೆತದ್ದು ಈ ಆಟಕ್ಕೇ. ಒಂದು ಆಟದಲ್ಲಿ ಜಗತ್ತು ಬದಲಾದರೂ ಮಾತು ಬದಲಾಗದು. ಇನ್ನೊಂದರಲ್ಲಿ ಸಾವು ಅದೇ ಆದರೂ ಮಾತು ಹೊಸದು. ದೂರು ಯಾವುದರ ಮೇಲೆ ಬಂದಿತೆಂಬುದು ವಾಚಕರಿಗೆ ತಿಳಿದಿದೆ.

ಗಮನವಿರುವುದೆಂದರೆ ಸದಾ ಮಾತನಾಡುತ್ತಿರುವುದೆಂದಲ್ಲ. 2022ರ ಫೆಬ್ರವರಿಯಲ್ಲಿ ಬಂದ ಹೊರೈಜನ್ ಫರ್ಬಿಡನ್ ವೆಸ್ಟ್ ಎಂಬ ಆಟದ ನಾಯಕಿ, ತನ್ನ ಚೀಲ ತುಂಬಿತೆಂದೂ ಮಿಕ್ಕ ವಸ್ತುವನ್ನು ಉಗ್ರಾಣಕ್ಕೆ ಕಳಿಸುತ್ತೇನೆಂದೂ ಹೆಜ್ಜೆಹೆಜ್ಜೆಗೂ ಹೇಳಿಕೊಳ್ಳುತ್ತಿದ್ದಳು. ಆಟಗಾರರು ಬೇಸತ್ತರು, ತಯಾರಕರು ತಿದ್ದುಪಡಿಯೊಂದನ್ನು ಕಳಿಸಿ ಅವಳ ಮಾತನ್ನು ತಗ್ಗಿಸಬೇಕಾಯಿತು. ಅದೇ ವರ್ಷದ ನವೆಂಬರಿನಲ್ಲಿ ಬಂದ ಗಾಡ್ ಆಫ್ ವಾರ್ ರಾಗ್ನರಾಕ್ ಎಂಬ ಆಟದಲ್ಲಿ ತೊಂದರೆ ಬೇರೆ ಬಗೆಯದು. ಬಾಗಿಲು ತೆರೆಯುವ ಒಗಟಿನ ಮುಂದೆ ಆಟಗಾರನು ನಿಂತು ಯೋಚಿಸತೊಡಗಿದರೆ, ಜೊತೆಗಿರುವ ಪಾತ್ರಗಳು ತಡೆಯಲಾರದೆ ಉತ್ತರದ ಸುಳಿವನ್ನು ಹೇಳಿಬಿಡುತ್ತವೆ. ನಾನು ಇದನ್ನು ಕೇಳಿದಾಗ ನಗಲಿಲ್ಲ. ಪ್ರಶ್ನೆ ಕೇಳಿ, ಹುಡುಗ ಇನ್ನೂ ಎದ್ದು ನಿಲ್ಲುವುದರೊಳಗೆ ಉತ್ತರವನ್ನು ನಾನೇ ಹಲಗೆಯ ಮೇಲೆ ಬರೆದ ದಿನಗಳು ನನ್ನ 34 ವರ್ಷಗಳ ಸೇವೆಯಲ್ಲಿ ಎಷ್ಟಿದ್ದುವೋ! ಪಾಠ ಮುಗಿಸುವ ಆತುರದಲ್ಲಿ ಎದುರಿಗಿದ್ದವನ ಮುಖವನ್ನು ನಾನು ನೋಡಿರಲಿಲ್ಲ. ಯೋಚಿಸುವವನ ಮುಂದೆ ಸುಮ್ಮನಿರುವುದೂ ಅವನನ್ನು ಗುರುತಿಸುವ ಒಂದು ರೀತಿಯೇ ಆಗಿದೆ.

ಈಗ ಈ ವಿಷಯದ ಇನ್ನೊಂದು ಮಗ್ಗುಲನ್ನು ನೋಡಬೇಕು. ಆಟಗಾರನು ದೂರುವಾಗ ಅವನಿಗೆ ಕಾಣುವುದು ಕಾವಲುಗಾರ. ಆ ಕಾವಲುಗಾರನ ಹಿಂದೆ ಗಾಜಿನ ಕೋಣೆಯಲ್ಲಿ ಧ್ವನಿಗ್ರಾಹಕದ ಮುಂದೆ ನಿಂತ ಒಬ್ಬ ಮನುಷ್ಯನಿದ್ದಾನೆ. ಬಾಣ ತಗುಲಿದಂತೆ, ಬೆಂಕಿ ಹತ್ತಿದಂತೆ, ಕಮರಿಗೆ ಬಿದ್ದಂತೆ ಅವನು ಗಂಟೆಗಟ್ಟಲೆ ಕಿರುಚಬೇಕು. ಅಮೆರಿಕೆಯ ನಟರ ಸಂಘವು 2016ರ ಅಕ್ಟೋಬರಿನಿಂದ 2017ರ ಸೆಪ್ಟೆಂಬರಿನವರೆಗೆ ಆಟಗಳ ತಯಾರಕರ ವಿರುದ್ಧ ಮುಷ್ಕರ ಹೂಡಿದಾಗ, ಗಂಟಲಿಗೆ ಅಪಾಯ ತರುವ ಇಂತಹ ನುಡಿಸುವಿಕೆಯನ್ನು ಒಂದು ಸಲಕ್ಕೆ ಎರಡು ಗಂಟೆಗಳಿಗೆ ಮಿತಿಗೊಳಿಸಬೇಕೆಂಬುದು ಅವರ ಬೇಡಿಕೆಗಳಲ್ಲಿ ಒಂದಾಗಿತ್ತು. ಹೊಸ ಮಾತು ಬೇಕು, ಇನ್ನಷ್ಟು ಮಾತು ಬೇಕು ಎಂಬ ನಮ್ಮ ಕೂಗಿನ ಭಾರ ಕೊನೆಗೆ ಯಾರ ಕೊರಳಿನ ಮೇಲೆ ಬೀಳುತ್ತದೆ ಎಂಬುದನ್ನು ಆಟಗಾರರು ಯೋಚಿಸಿದ್ದು ಕಡಿಮೆ.

ಆ ಕೂಗಿಗೆ ಈಗ ಇನ್ನೊಂದು ಉತ್ತರ ಸಿದ್ಧವಾಗುತ್ತಿದೆ. ಯೂಬಿಸಾಫ್ಟ್ ಸಂಸ್ಥೆಯು 2023ರ ಮಾರ್ಚಿನಲ್ಲಿ ಘೋಸ್ಟ್‌ರೈಟರ್ ಎಂಬ ಸಾಧನವನ್ನು ಪ್ರಕಟಿಸಿತು. ಹಿನ್ನೆಲೆಯ ಪಾತ್ರಗಳ ಬಿಡಿಮಾತುಗಳ ಮೊದಲ ಕರಡನ್ನು ಅದೇ ಬರೆದುಕೊಡುತ್ತದೆ. ಲೇಖಕರು ಆರಿಸಿ ತಿದ್ದಬಹುದು. 2025ರ ಮೇ ತಿಂಗಳಲ್ಲಿ ಫೋರ್ಟ್‌ನೈಟ್ ಎಂಬ ಆಟದಲ್ಲಿ ಡಾರ್ತ್ ವೇಡರ್ ಎಂಬ ಪಾತ್ರವು, ಹಿಂದಿನ ವರ್ಷ ತೀರಿಕೊಂಡ ನಟ ಜೇಮ್ಸ್ ಅರ್ಲ್ ಜೋನ್ಸ್ ಅವರ ಕಂಠವನ್ನು ಅನುಕರಿಸಿದ ಕೃತಕ ಧ್ವನಿಯಲ್ಲಿ, ಆಟಗಾರರು ಏನು ಕೇಳಿದರೂ ಉತ್ತರಿಸುವಂತೆ ಮಾಡಲಾಯಿತು. ಅದಕ್ಕೆ ನಟರ ಕುಟುಂಬದ ಒಪ್ಪಿಗೆಯಿತ್ತು. ಸ್ವಲ್ಪ ಹೊತ್ತಿನೊಳಗೇ ಆಟಗಾರರು ಅದರಿಂದ ಅಸಭ್ಯ ಪದಗಳನ್ನು ನುಡಿಸಿದರು. ತಯಾರಕರು ಅವಸರದಿಂದ ತಿದ್ದಿದರು. ತಮ್ಮೊಡನೆ ಮಾತುಕತೆಯಿಲ್ಲದೆ ನಟರ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಲಾಗಿದೆ ಎಂದು ನಟರ ಸಂಘ ದೂರು ಸಲ್ಲಿಸಿತು. ಆ ಸಂಘವು ಕೃತಕ ಬುದ್ಧಿಮತ್ತೆಯ ಪ್ರಶ್ನೆಯ ಮೇಲೆ 2024ರ ಜುಲೈನಲ್ಲಿ ಹೂಡಿದ್ದ ಎರಡನೆಯ ಮುಷ್ಕರ ಆಗಿನ್ನೂ ನಡೆದಿತ್ತು. ನಟನ ಒಪ್ಪಿಗೆಯಿಲ್ಲದೆ ಅವನ ಕಂಠದ ಪ್ರತಿಕೃತಿಯನ್ನು ಬಳಸಬಾರದೆಂಬ ನಿಯಮಗಳುಳ್ಳ ಒಪ್ಪಂದ 2025ರ ಜುಲೈನಲ್ಲಿ ಅಂಗೀಕಾರವಾಯಿತು.

ಎಂದೂ ಪುನರುಕ್ತಿ ಮಾಡದ, ಕೇಳಿದ್ದಕ್ಕೆಲ್ಲ ಉತ್ತರಿಸುವ ಯಂತ್ರ ಬಂದರೆ ನಿಮ್ಮ ದೂರು ನಿವಾರಣೆಯಾಯಿತಲ್ಲ, ಅದು ಆಟಗಾರನನ್ನು ಗುರುತಿಸುವುದೂ ಸಾಧ್ಯವಲ್ಲ ಎಂದು ವಾದಿಸಬಹುದು. ಈ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಯಂತ್ರ ನೆನಪಿಟ್ಟುಕೊಳ್ಳಬಲ್ಲದು, ನಿಜ. ಆದರೆ ನೆನಪಿಗಾಗಿ ಮುಗಿಯದ ಹೊಸ ಮಾತುಗಳ ಅಗತ್ಯವಿಲ್ಲವೆಂಬುದನ್ನು ಮೇಲಿನ ಉದಾಹರಣೆಗಳು ತೋರಿಸಿವೆ. ಎರಡನೆಯದಾಗಿ, ಆಡಿದ ಮಾತಿಗೆ ಆಡಿದವರೊಬ್ಬರು ಹೊಣೆಗಾರರಾಗಿರಬೇಕು. ಕಾವಲುಗಾರನ ಮೊಣಕಾಲಿನ ಮಾತನ್ನು ಒಬ್ಬರು ಬರೆದರು, ಒಬ್ಬರು ನುಡಿದರು; ತಪ್ಪಿದ್ದರೆ ಅವರನ್ನು ಕೇಳಬಹುದು, ಚೆನ್ನಾಗಿದ್ದರೆ ಅವರನ್ನು ಮೆಚ್ಚಬಹುದು. ವೇಡರನ ಬಾಯಿಂದ ಬಂದ ಅಸಭ್ಯ ಪದ ಯಾರದು? ನಟರದಲ್ಲ, ಲೇಖಕರದಲ್ಲ, ತಯಾರಕರು ತಮ್ಮದೆನ್ನಲಿಲ್ಲ. ಹೊಣೆಯಿಲ್ಲದ ಹೊಸ ಮಾತಿಗಿಂತ ಹೊಣೆಯುಳ್ಳ ಹಳೆಯ ಮಾತೇ ನನಗೆ ಮೇಲೆನಿಸುತ್ತದೆ.

ಆಟಗಾರರ ಮನಸ್ಸಿನಲ್ಲೂ ಇದರ ಅರಿವಿದೆಯೆಂದು ತೋರುತ್ತದೆ. ಏಡಿಯ ಹರಟೆಯ ಒಬ್ಲಿವಿಯನ್ ಆಟವನ್ನು 2025ರ ಏಪ್ರಿಲಿನಲ್ಲಿ ಹೊಸ ಚಿತ್ರಗಳೊಡನೆ ಮತ್ತೆ ಹೊರತಂದರು. ಕೆಲವು ಹೊಸ ಕಂಠಗಳನ್ನು ಸೇರಿಸಿದರೂ ಹಳೆಯ ನುಡಿಗಳನ್ನು ಉಳಿಸಿಕೊಂಡರು. ಮೂಲ ಆಟದಲ್ಲಿ ನಟಿಯೊಬ್ಬರು ಓದುವಾಗ ತಡವರಿಸಿ, ತಾಳಿ, ಇನ್ನೊಮ್ಮೆ ಹೇಳುತ್ತೇನೆ ಎಂದದ್ದು ಕಣ್ತಪ್ಪಿನಿಂದ ಹಾಗೆಯೇ ಉಳಿದುಹೋಗಿತ್ತು. ಹತ್ತೊಂಬತ್ತು ವರ್ಷಗಳ ಮೇಲೆ ಆ ತಪ್ಪನ್ನೂ ಹೊಸ ಆವೃತ್ತಿಯಲ್ಲಿ ಹಾಗೆಯೇ ಬಿಟ್ಟಿದ್ದರು; ಅದನ್ನು ಕೇಳಿ ಆಟಗಾರರು ಸಂತೋಷಪಟ್ಟರು. ದೂರಿದವರೇ ಆ ಕಂಠಗಳನ್ನು ಕಳೆದುಕೊಳ್ಳಲು ಒಪ್ಪಲಿಲ್ಲ.

ಕೊನೆಯಲ್ಲಿ ನಮ್ಮ ಶಾಲೆಗೆ ಸಂಬಂಧಿಸಿದಂತೆ ಒಂದು ಸಲಹೆಯನ್ನು ಮಾಡುತ್ತೇನೆ. ದಾನಿಗಳ ಔದಾರ್ಯದಿಂದ ನಮ್ಮಲ್ಲಿ ಗಣಕಯಂತ್ರಗಳ ಕೊಠಡಿಯೊಂದು ಬಂದಿದೆ. ಅಲ್ಲಿ ಮಕ್ಕಳು ಯಂತ್ರಕ್ಕೆ ಆಜ್ಞೆ ಕೊಡುವುದನ್ನು ಕಲಿಯುತ್ತಿದ್ದಾರೆ. ಬೆಂಗಳೂರಿನಲ್ಲಿ 1997ರಲ್ಲಿ ರಾಜೇಶ್ ರಾವ್ ಅವರು ಧ್ರುವ ಇಂಟರಾಕ್ಟಿವ್ ಎಂಬ ಆಟಗಳ ಸಂಸ್ಥೆಯನ್ನು ಆರಂಭಿಸಿದರು. 2019ರಲ್ಲಿ ಅದು ರಾಕ್‌ಸ್ಟಾರ್ ಎಂಬ ದೊಡ್ಡ ಸಂಸ್ಥೆಯ ಪಾಲಾಯಿತು. ಆಟ ತಯಾರಿಸುವ ಉದ್ಯೋಗ ನಮ್ಮ ನಾಡಿಗೆ ದೂರದ್ದಾಗಿ ಉಳಿದಿಲ್ಲ. ಕನ್ನಡ ಶಿಕ್ಷಕರೂ ಗಣಕಯಂತ್ರದ ಶಿಕ್ಷಕರೂ ಕೂಡಿ ಎಂಟನೆಯ ತರಗತಿಯ ಮಕ್ಕಳಿಗೆ ಒಂದು ಅಭ್ಯಾಸವನ್ನು ಕೊಡಲಿ. ಊರ ಅಗಸೆಯ ಬಳಿ ನಿಂತ ಒಬ್ಬ ಕಾವಲುಗಾರನಿಗೆ ಹತ್ತೇ ಮಾತುಗಳನ್ನು ಕನ್ನಡದಲ್ಲಿ ಬರೆಯಬೇಕು. ದಣಿದು ಬಂದವನಿಗೆ ಒಂದು, ಎರಡನೆಯ ಸಲ ಬಂದವನಿಗೆ ಇನ್ನೊಂದು, ಮನೆಯಲ್ಲಿ ಸಾವಾಗಿ ಬಂದವನಿಗೆ ಮತ್ತೊಂದು. ಯಾರಿಗೆ ಏನನ್ನೂ ಹೇಳದೆ ಸುಮ್ಮನೆ ದಾರಿ ಬಿಡಬೇಕೆಂಬುದನ್ನೂ ಅವರೇ ನಿರ್ಧರಿಸಬೇಕು. ವ್ಯಾಕರಣಕ್ಕೂ ತರ್ಕಕ್ಕೂ ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ತೋಚದು. ಈ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಗಳು ಒಂದು ದಿನದ ಮಟ್ಟಿಗೆ ಬಂದು, ಮಕ್ಕಳ ಮಾತುಗಳನ್ನು ಯಂತ್ರಕ್ಕೆ ಅಳವಡಿಸಿ ತೋರಿಸಿದರೆ ಉಪಕಾರವಾಗುತ್ತದೆ.

ನಾನು ಈ ಶಾಲೆಯ ವಿದ್ಯಾರ್ಥಿಯಾಗಿದ್ದಾಗ ನಮಗೆ ಗಣಿತ ಕಲಿಸಿದ ಗುರುಗಳೊಬ್ಬರಿದ್ದರು. ಹಳೆಯ ವಿದ್ಯಾರ್ಥಿಗಳ ಸಮಾವೇಶಕ್ಕೆ ಬಂದವರನ್ನೆಲ್ಲ, ತಮ್ಮ ಕೊನೆಯ ವರ್ಷದವರೆಗೂ, ಅವರು ಒಂದೇ ಪ್ರಶ್ನೆಯನ್ನು ಕೇಳುತ್ತಿದ್ದರು: "ಈಗ ಎಲ್ಲಿದ್ದೀಯಪ್ಪಾ?" ನೂರಾರು ಜನರಿಗೆ ಅದೇ ಮಾತು. ಆದರೆ ಕೇಳುವ ಮುಂಚೆ ಮುಖವನ್ನು ಒಂದು ಗಳಿಗೆ ದಿಟ್ಟಿಸಿ, ಅವನ ಹೆಸರನ್ನೂ ಅವನು ಕೂಡುತ್ತಿದ್ದ ಬೆಂಚನ್ನೂ ನೆನಪಿಸಿಕೊಳ್ಳುತ್ತಿದ್ದರು. ಆ ಒಂದು ಪ್ರಶ್ನೆಯನ್ನು ಕೇಳಿಸಿಕೊಳ್ಳಲೆಂದೇ ನಾವು ದೂರದೂರದ ಊರುಗಳಿಂದ ರಾತ್ರಿಯ ಬಸ್ಸು ಹಿಡಿದು ಬರುತ್ತಿದ್ದೆವು.